ಲಕ್ಸರ್‌ನಲ್ಲಿ ಒಂದು ದಿನ ಉಳಿದರೆ ಯಾವ ದೇವಾಲಯ? ಡೆಂಡೆರಾ, ಅಬಿಡೋಸ್, ಮೆದಿನೆತ್ ಹಾಬು, ಎಸ್ನಾ, ಕಲಾಬ್ಶಾ

ಈಜಿಪ್ಟ್‌ಗೆ ಹೊರಡುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕೈರೊದಲ್ಲಿ ಪಿರಮಿಡ್ಡು, ಮ್ಯೂಸಿಯಂ; ಲಕ್ಸರ್‌ನಲ್ಲಿ ಕಾರ್ನಾಕ್ ಮತ್ತು ರಾಜರ ಕಣಿವೆ; ಆಸ್ವಾನ್‌ನಲ್ಲಿ ಫಿಲೆ, ಅಲ್ಲಿಂದ ನಸುಕಿನಲ್ಲೆದ್ದು ಅಬು ಸಿಂಬೆಲ್. ನೈಲ್ ಕ್ರೂಸ್ ಹತ್ತಿದವರಿಗೆ ಎಡ್ಫು, ಕೊಮ್ ಓಂಬೊ ತಾವಾಗಿಯೇ ಸಿಗುತ್ತವೆ. ಇಷ್ಟನ್ನೂ ಕೂಡಿಸಿ ಕಳೆದ ಮೇಲೆ ಒಂದು ದಿನವೋ ಅರ್ಧ ದಿನವೋ ಉಳಿಯುತ್ತದೆ. ಆ ದಿನಕ್ಕೆ ಹೋಟೆಲಿನವರು ಒಂದು ಹೆಸರು ಹೇಳುತ್ತಾರೆ, ಗೈಡ್ ಇನ್ನೊಂದು ಹೇಳುತ್ತಾನೆ, ಹಿಂದಿನ ವರ್ಷ ಹೋಗಿಬಂದ ನೆಂಟರು ಮೂರನೆಯದನ್ನು ಹೇಳುತ್ತಾರೆ. ಎಲ್ಲರೂ ಹೇಳುವುದು ಸರಿಯೇ. ಯಾಕೆಂದರೆ ಎಲ್ಲವೂ ಚೆನ್ನಾಗಿವೆ. ತೊಂದರೆ ಆಗುವುದೇ ಅಲ್ಲಿ.

ಆದ್ದರಿಂದ "ಯಾವುದು ಶ್ರೇಷ್ಠ" ಎಂಬ ಪ್ರಶ್ನೆಯನ್ನು ಬದಿಗಿಟ್ಟು ಬೇರೆ ನಾಲ್ಕೈದು ಪ್ರಶ್ನೆ ಕೇಳಿಕೊಳ್ಳಿ.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ಮೊದಲನೆಯದು ದಾರಿ. ಕಾರಿನಲ್ಲಿ ಕೂರುವ ಗಂಟೆಗೂ ಗುಡಿಯೊಳಗೆ ನಿಲ್ಲುವ ಗಂಟೆಗೂ ತಾಳೆ ಹಾಕಿ ನೋಡಿ. ಮೆದಿನೆತ್ ಹಾಬು ಲಕ್ಸರ್‌ನ ಪಶ್ಚಿಮ ದಂಡೆಯಲ್ಲೇ ಇದೆ. ಅಬಿಡೋಸ್‌ಗೆ ಹೋಗಿಬರಲು ಐದಾರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ.

ಎರಡನೆಯದು ಚಾವಣಿ. ಕೇಳಲು ವಿಚಿತ್ರ ಅನಿಸಬಹುದು, ಆದರೆ ಈಜಿಪ್ಟ್‌ನಲ್ಲಿ ಇದು ದೊಡ್ಡ ವಿಷಯ. ಚಾವಣಿ ಉಳಿದಿರುವ ಗುಡಿಯಲ್ಲಿ ನೆರಳಿದೆ, ಬಣ್ಣ ಉಳಿದಿದೆ, ಹೊರಗಿನ ಬಿಸಿಲಿನಿಂದ ಗರ್ಭಗುಡಿಯ ಕತ್ತಲೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಇಳಿಯುವುದು ಅನುಭವಕ್ಕೆ ಬರುತ್ತದೆ. ಕಾರ್ನಾಕ್‌ನಷ್ಟು ದೊಡ್ಡ ಜಾಗದಲ್ಲೂ ಸಿಗದ ಅನುಭವ ಇದು. ಅಲ್ಲಿ ಮೇಲುಹೊದಿಕೆ ಬಹುಪಾಲು ಬಿದ್ದುಹೋಗಿದೆ.

ಮೂರನೆಯದು ನಿಮ್ಮ ಕಣ್ಣಿಗೆ ಬೇಕಾದ್ದೇನು ಎಂಬುದು: ನಾಜೂಕಾದ ಕೆತ್ತನೆಯೇ, ಬಣ್ಣವೇ, ಯುದ್ಧ-ರಾಜಕೀಯದ ಕಥೆಯೇ, ಆಕಾಶದ ಲೆಕ್ಕಾಚಾರವೇ? ಇದರ ಜೊತೆಗೆ ಕಾಲದ ಪ್ರಶ್ನೆಯೂ ಬರುತ್ತದೆ. ಅಬಿಡೋಸ್‌ನ ಗುಡಿಗೂ ಈಗ ನಿಂತಿರುವ ಡೆಂಡೆರಾಗೂ ನಡುವೆ ಸುಮಾರು 1,200 ವರ್ಷಗಳ ಅಂತರ. ಕೆಲವರಿಗೆ "ಫೇರೋಗಳ ಕಾಲದ್ದೇ ಬೇಕು" ಎಂಬ ಹಟ ಇರುತ್ತದೆ. ಅಂಥವರು ಗ್ರೀಕ್ ಮತ್ತು ರೋಮನ್ ದೊರೆಗಳು ಕಟ್ಟಿಸಿದ ಗುಡಿಗೆ ಹೋಗಿ ಬೇಸರಪಟ್ಟುಕೊಂಡದ್ದುಂಟು. ನನಗೆ ಆ ಬೇಸರ ಅರ್ಥವಾಗುವುದಿಲ್ಲ, ಆದರೂ ಮೊದಲೇ ಹೇಳಿಬಿಡುವುದು ವಾಸಿ.

ಉಳಿದದ್ದು ಮಂಡಿ ಮತ್ತು ದುಡ್ಡು. ದುಡ್ಡಿನ ಬಗ್ಗೆ ಒಂದು ಮಾತು: ಪ್ರವೇಶ ಟಿಕೆಟ್ಟಿನ ದರ ಆಗಾಗ ಏರುತ್ತದೆ ನಿಜ, ಆದರೆ ಈ ಆಯ್ಕೆಯಲ್ಲಿ ಖರ್ಚನ್ನು ನಿರ್ಧರಿಸುವುದು ಟಿಕೆಟ್ಟಲ್ಲ, ವಾಹನ. ಇಡೀ ದಿನಕ್ಕೆ ಕಾರು ಗೊತ್ತುಮಾಡಿ ಒಬ್ಬರೇ ಹೋದರೆ ಭಾರ. ನಾಲ್ವರು ಹಂಚಿಕೊಂಡರೆ ದೂರದ ಗುಡಿಯೂ ಕೈಗೆಟುಕುತ್ತದೆ. ಒಂಟಿ ಪ್ರಯಾಣಿಕರು ಈ ಒಂದೇ ಕಾರಣಕ್ಕೆ ಪಟ್ಟಿಯ ಕ್ರಮವನ್ನೇ ಬದಲಿಸಿಕೊಳ್ಳಬೇಕಾಗಬಹುದು.

ಡೆಂಡೆರಾ: ಇಡೀ ಕಟ್ಟಡ ನೋಡಬೇಕೆಂದರೆ

ಲಕ್ಸರ್‌ನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ., ಕೆನಾ ಪಟ್ಟಣದ ಎದುರು ದಂಡೆ. ಕಾರಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಹಾಥೋರ್ ದೇವತೆಯ ಈ ಗುಡಿಯ ಕೆಲಸ ಆರಂಭವಾದದ್ದು ಕ್ರಿ.ಪೂ. 54ರಲ್ಲಿ, ಕ್ಲಿಯೋಪಾತ್ರಳ ತಂದೆ ಹನ್ನೆರಡನೆಯ ಟಾಲೆಮಿಯ ಕಾಲದಲ್ಲಿ. ಮುಂದಿನ ದೊಡ್ಡ ಮಂಟಪ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಕಾಲದ್ದು. 24 ಕಂಬಗಳು, ಪ್ರತಿ ಕಂಬದ ತುದಿಯಲ್ಲಿ ನಾಲ್ಕು ದಿಕ್ಕಿಗೂ ಹಸುವಿನ ಕಿವಿಯ ಹಾಥೋರ್ ಮುಖ. ಆ ಮುಖಗಳಲ್ಲಿ ಹೆಚ್ಚಿನವನ್ನು ನಂತರದ ಕಾಲದಲ್ಲಿ ಉಳಿಯಿಂದ ಕೊಚ್ಚಿ ಹಾಕಿದ್ದಾರೆ. ತಲೆ ಎತ್ತಿದರೆ ನೀಲಿ. ಶತಮಾನಗಳ ಹೊಗೆಮಸಿ ತೊಳೆದ ಮೇಲೆ ಚಾವಣಿಯ ಬಣ್ಣ ಹೀಗೆ ಹೊರಬಂದಿದೆ.

ಡೆಂಡೆರಾದ ಹೆಚ್ಚುಗಾರಿಕೆ ಒಂದು ಶಿಲ್ಪದಲ್ಲಿ ಇಲ್ಲ. ಈಜಿಪ್ಟ್‌ನ ಗುಡಿಯೊಂದು ಹೇಗೆ ನಡೆಯುತ್ತಿತ್ತು ಎಂಬುದನ್ನು ನೆಲಮಾಳಿಗೆಯಿಂದ ಮಾಳಿಗೆಯವರೆಗೆ ನಡೆದೇ ತಿಳಿಯಬಹುದು ಎಂಬುದರಲ್ಲಿದೆ. ಗೋಡೆಯ ದಪ್ಪದೊಳಗೆ ಅಡಗಿಸಿದ ಕಿರಿದಾದ ರಹಸ್ಯ ಕೋಣೆಗಳಿವೆ; ಪೂಜೆಯ ಅಮೂಲ್ಯ ವಸ್ತುಗಳನ್ನು ಇಡುತ್ತಿದ್ದ ಜಾಗ. ಹೊಸವರ್ಷದ ಹಬ್ಬದಲ್ಲಿ ಅರ್ಚಕರು ದೇವಿಯ ಮೂರ್ತಿಯನ್ನು ಹೊತ್ತು ಮಾಳಿಗೆಗೆ ಒಯ್ದು ಸೂರ್ಯನ ಕಿರಣ ತಾಕಿಸುತ್ತಿದ್ದರು. ಹತ್ತಲು ತಿರುವಿನ ಮೆಟ್ಟಿಲು, ಇಳಿಯಲು ನೇರ ಮೆಟ್ಟಿಲು, ಎರಡರ ಗೋಡೆಯ ಮೇಲೂ ಆ ಮೆರವಣಿಗೆಯನ್ನೇ ಕೆತ್ತಿದ್ದಾರೆ. ಉತ್ಸವಮೂರ್ತಿಯನ್ನು ಬಲ್ಲ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಮೆಟ್ಟಿಲುಗಳು ಮಾತ್ರ ಸವೆದು ಕರಗಿದಂತಾಗಿವೆ. ಮಂಡಿನೋವಿನವರು ಮಾಳಿಗೆಯ ಆಸೆ ಬಿಡುವುದೇ ಒಳ್ಳೆಯದು. ಕೆಳಗಿನದೂ ಕಡಿಮೆಯೇನಿಲ್ಲ.

ಮಾಳಿಗೆಯಲ್ಲಿ ಸತ್ತವರ ಲೋಕದ ದೇವರಾದ ಒಸೈರಿಸ್‌ನ ಕೋಣೆಯಲ್ಲಿ ಪ್ರಸಿದ್ಧ ರಾಶಿಚಕ್ರವಿದೆ. ಮೇಷ, ವೃಷಭ, ಸಿಂಹ, ತುಲಾ, ಆಡಿನ ಮುಂಭಾಗಕ್ಕೆ ಮೀನಿನ ಬಾಲ ಅಂಟಿಸಿದ ಮಕರ: ಪಂಚಾಂಗ ನೋಡಿ ಬೆಳೆದವರು ಒಂದೊಂದನ್ನೂ ಬೆರಳಿಟ್ಟು ಗುರುತಿಸಬಹುದು. ಬ್ಯಾಬಿಲೋನಿನ ಕಡೆಯಿಂದ ಹರಡಿದ ಕಲ್ಪನೆ ಆ ಕಡೆ ನೈಲ್‌ಗೂ ಈ ಕಡೆ ನಮಗೂ ಬಂದದ್ದರ ಫಲ. ಆದರೆ ಅಲ್ಲಿರುವುದು ನಕಲು. ಅಸಲು ಕಲ್ಲನ್ನು 1821ರಲ್ಲಿ ಫ್ರೆಂಚರು ಗರಗಸ, ಸಿಡಿಮದ್ದು ಬಳಸಿ ಕಿತ್ತುಕೊಂಡು ಹೋದರು. ಈಗ ಅದು ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಹಿಂಗೋಡೆಯಲ್ಲಿ ಕ್ಲಿಯೋಪಾತ್ರ ಮತ್ತು ಜೂಲಿಯಸ್ ಸೀಸರನಿಂದ ಅವಳಿಗೆ ಹುಟ್ಟಿದ ಮಗ ಸೀಸೇರಿಯನ್ ಇಬ್ಬರ ಆಳೆತ್ತರ ಮೀರಿದ ಕೆತ್ತನೆಯಿದೆ, ಹೊರಗಿನಿಂದ ಸುತ್ತುಹಾಕಿ ನೋಡಿ. ಎಷ್ಟೋ ತಂಡಗಳು ಹಿಂದೆ ಹೋಗದೆಯೇ ಬಸ್ ಹತ್ತುತ್ತವೆ.

ಇನ್ನೊಂದು ಎಚ್ಚರಿಕೆ. ನೆಲಮಾಳಿಗೆಯ ಒಂದು ಶಿಲ್ಪದಲ್ಲಿ ತಾವರೆಯೊಳಗಿಂದ ಹಾವು ಹೊರಬರುವ ಚಿತ್ರವಿದೆ. ಅದು ಸೃಷ್ಟಿಯ ಕಥೆ. ಅದನ್ನೇ "ಪುರಾತನ ವಿದ್ಯುತ್ ಬಲ್ಬು" ಎಂದು ತೋರಿಸಿ ಕೈಚಾಚುವವರಿದ್ದಾರೆ. ನಗುತ್ತಾ ಮುಂದೆ ಹೋಗಿ.

ಮೊದಲ ಸಲ ಈಜಿಪ್ಟ್‌ಗೆ ಹೋದವರಿಗೆ, ಮಕ್ಕಳಿರುವ ಕುಟುಂಬಕ್ಕೆ, ಪೂರ್ತಿ ದಿನ ಕೊಡಲಾಗದವರಿಗೆ ನನ್ನ ಓಟು ಡೆಂಡೆರಾಗೆ. ಬೆಳಿಗ್ಗೆ ಹೊರಟರೆ ತಡವಾದ ಊಟಕ್ಕೆ ಲಕ್ಸರ್‌ಗೆ ವಾಪಸ್. ಕಡಿಮೆ ಖರ್ಚಿನವರು ಕೆನಾವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು.

ಅಬಿಡೋಸ್: ಕೆತ್ತನೆಗೋಸ್ಕರ ದೂರ ಹೋಗುವವರಿಗೆ

ಲಕ್ಸರ್‌ನಿಂದ ಸುಮಾರು 160 ಕಿ.ಮೀ., ಬಲಿಯಾನಾ ಪಟ್ಟಣದ ಹತ್ತಿರ. ಒಸೈರಿಸ್‌ನ ಪುಣ್ಯಕ್ಷೇತ್ರ, ಸತ್ತ ಮೇಲೂ ಇಲ್ಲಿಗೊಂದು ಯಾತ್ರೆ ಆಗಲೆಂದು ಹಳೆಯ ಈಜಿಪ್ಟಿನವರು ಹಂಬಲಿಸುತ್ತಿದ್ದ ಊರು. ಈಜಿಪ್ಟ್‌ನ ಮೊಟ್ಟಮೊದಲ ರಾಜರ ಸಮಾಧಿಗಳೂ ಇಲ್ಲಿನ ಮರುಭೂಮಿಯಲ್ಲೇ ಇವೆ.

ನೋಡಬೇಕಾದ್ದು ಒಂದನೆಯ ಸೇತಿಯ ಗುಡಿ, ಕ್ರಿ.ಪೂ. 13ನೆಯ ಶತಮಾನದ ಆರಂಭದ್ದು. ಸಾಮಾನ್ಯವಾಗಿ ಒಂದು ಗುಡಿಗೆ ಒಂದು ಗರ್ಭಗುಡಿ. ಇಲ್ಲಿ ಸಾಲಾಗಿ ಏಳು. ಒಸೈರಿಸ್, ಐಸಿಸ್, ಹೋರಸ್, ಅಮುನ್-ರಾ, ರಾ-ಹೊರಾಖ್ತಿ, ಪ್ತಾಹ್, ಜೊತೆಗೆ ದೇವರೇ ಆಗಿಹೋದ ಸೇತಿ. ಸುಣ್ಣಕಲ್ಲಿನ ಉಬ್ಬುಶಿಲ್ಪಗಳು ಎಷ್ಟು ನವಿರಾಗಿವೆಯೆಂದರೆ ರಾಜನ ತೆಳು ಉಡುಪಿನ ನೆರಿಗೆ, ದೇವಿಯ ಕತ್ತಿನ ಹಾರ, ತಲೆಗೂದಲ ಎಳೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಬಣ್ಣವೂ ಹಲವೆಡೆ ಹಾಗೇ ಇದೆ. ಸೇತಿ ಕೆಲಸ ಮುಗಿಯುವ ಮೊದಲೇ ತೀರಿಕೊಂಡ, ಮಗ ಎರಡನೆಯ ರಾಮ್ಸೆಸ್ ಮುಂದಿನ ಭಾಗವನ್ನು ಪೂರೈಸಿದ. ಮಗನ ಕೆಲಸ ಅವಸರದ್ದು. ಆಕೃತಿಯನ್ನು ಉಬ್ಬಿಸುವ ತಾಳ್ಮೆ ಬಿಟ್ಟು ಕಲ್ಲಿನೊಳಕ್ಕೆ ಕೊರೆಸಿದ್ದಾನೆ. ಮುಂದಿನ ಮಂಟಪದಿಂದ ಒಳಗಿನ ಮಂಟಪಕ್ಕೆ ಕಾಲಿಟ್ಟಾಗ ಅಪ್ಪನಿಗೂ ಮಗನಿಗೂ ಇರುವ ವ್ಯತ್ಯಾಸ ಶಿಲ್ಪಶಾಸ್ತ್ರ ಓದದವರ ಕಣ್ಣಿಗೂ ಹೊಡೆಯುತ್ತದೆ. ಅಬು ಸಿಂಬೆಲ್ ನೋಡಿ ರಾಮ್ಸೆಸ್‌ಗೆ ಮರುಳಾದವರು ಇಲ್ಲಿಗೆ ಬಂದು ಸ್ವಲ್ಪ ಮನಸ್ಸು ಬದಲಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಇತಿಹಾಸದ ಹುಚ್ಚಿನವರಿಗೆ ಎಡಗಡೆಯ ಓಣಿಯಲ್ಲಿ ರಾಜರ ಪಟ್ಟಿ ಕಾದಿದೆ. 76 ರಾಜರ ಹೆಸರುಗಳು. ಸೇತಿ ನಿಂತು ಪೂರ್ವಜರಿಗೆ ನೈವೇದ್ಯ ಅರ್ಪಿಸುತ್ತಿದ್ದಾನೆ, ಎಳೆಯ ರಾಮ್ಸೆಸ್ ಕೈಯಲ್ಲಿ ಸುರುಳಿ ಹಿಡಿದಿದ್ದಾನೆ. ಯಾರ ಹೆಸರಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ: ಹೆಣ್ಣಾಗಿ ಆಳಿದ ಹಾಟ್‌ಶೆಪ್ಸುಟ್ ಇಲ್ಲ, ದೇವರನ್ನೇ ಬದಲಿಸಹೊರಟ ಅಖೆನಾಟೆನ್ ಇಲ್ಲ, ಇಂದು ಜಗತ್ತಿಗೆಲ್ಲ ಗೊತ್ತಿರುವ ತುತಾಂಖಾಮುನ್ ಕೂಡ ಇಲ್ಲ. ವಂಶಾವಳಿ ಬರೆಸುವಾಗ ಬೇಡದವರನ್ನು ಬಿಡುವ ಅಭ್ಯಾಸ ಎಷ್ಟು ಹಳೆಯದು ನೋಡಿ.

ಹೆಲಿಕಾಪ್ಟರಿನಂತೆ ಕಾಣುವ ಕೆತ್ತನೆಯ ಸುದ್ದಿ ಕೇಳಿ ಬಂದು "ಹೆಲಿಕಾಪ್ಟರ್" ಎಲ್ಲಿ ಎಂದು ಕೇಳುವವರಿಗೆ: ಮೊದಲ ಮಂಟಪದ ತೊಲೆಯ ಮೇಲೆ. ಸೇತಿಯ ಅಕ್ಷರಗಳನ್ನು ಗಾರೆಯಿಂದ ಮುಚ್ಚಿ ರಾಮ್ಸೆಸ್ ತನ್ನದನ್ನು ಕೊರೆಸಿದ, ಗಾರೆ ಉದುರಿ ಎರಡೂ ಬೆರೆತವು. ಎರಡು ನಿಮಿಷ ಸಾಕು. ಗುಡಿಯ ಹಿಂದೆ ತಗ್ಗಿನಲ್ಲಿ ಒಸಿರಿಯಾನ್ ಇದೆ. ದೈತ್ಯ ಗ್ರಾನೈಟ್ ಕಂಬಗಳ, ಅಂತರ್ಜಲ ತುಂಬಿ ಪಾಚಿಗಟ್ಟಿದ ರಚನೆ. ಮೇಲಿನಿಂದ ಇಣುಕಿಯಾದರೂ ನೋಡಿ. 1956ರಿಂದ ಈ ಊರಿನಲ್ಲೇ ನೆಲೆಸಿ 1981ರಲ್ಲಿ ಇಲ್ಲೇ ತೀರಿಕೊಂಡ ಡೊರೊತಿ ಈಡಿ ಎಂಬ ಇಂಗ್ಲಿಷ್ ಮಹಿಳೆಯ ಕಥೆಯನ್ನು ಗೈಡ್‌ಗಳು ಹೇಳದೆ ಬಿಡುವುದಿಲ್ಲ. ಹಿಂದಿನ ಜನ್ಮದಲ್ಲಿ ತಾನು ಈ ಗುಡಿಯ ಸೇವಕಿಯಾಗಿದ್ದೆ ಎಂದು ಆಕೆ ನಂಬಿದ್ದರು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಪುರಾತತ್ತ್ವ ಇಲಾಖೆಯಲ್ಲಿ ಆಕೆ ಮಾಡಿದ ಕೆಲಸ ನಿಜವಾದದ್ದು.

ಇಲ್ಲಿನ ಕಷ್ಟ ರಸ್ತೆ. ಹೋಗಲು ಎರಡೂವರೆಯಿಂದ ಮೂರು ಗಂಟೆ, ನಡುವೆ ಪೊಲೀಸ್ ಚೆಕ್‌ಪೋಸ್ಟ್‌ಗಳು. ಪಾಸ್‌ಪೋರ್ಟ್ ಚೀಲದ ತಳದಲ್ಲಿರದಿರಲಿ. ಗುಡಿಯ ಸುತ್ತ ಊಟದ ಅನುಕೂಲ ಅಷ್ಟಕ್ಕಷ್ಟೆ, ಸಸ್ಯಾಹಾರಿಗಳಿಗಂತೂ ಇನ್ನೂ ಕಡಿಮೆ. ಲಕ್ಸರ್‌ನಲ್ಲೇ ರೊಟ್ಟಿಯೊಳಗೆ ತಾಮಿಯಾ ಕಟ್ಟಿಸಿಕೊಂಡು ಹೊರಡಿ. ನೆನೆಸಿದ ಕಾಳು ರುಬ್ಬಿ ಕರಿದ ಈ ವಡೆ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ.

ಎರಡನ್ನೂ ಒಂದೇ ದಿನ?

ಬಹುತೇಕ ಪ್ಯಾಕೇಜುಗಳು ಅಬಿಡೋಸ್ ಮತ್ತು ಡೆಂಡೆರಾವನ್ನು ಒಂದೇ ದಿನಕ್ಕೆ ಕಟ್ಟಿ ಮಾರುತ್ತವೆ. ಒಂದೇ ದಿಕ್ಕು, ಒಂದೇ ಕಾರು, ಲೆಕ್ಕ ಸರಿ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಲಾಭದ ದಿನ ಇಲ್ಲ. ಆದರೆ ಕಣ್ಣಿಗೂ ಒಂದು ಮಿತಿ ಇದೆ. ಎರಡನೆಯ ಗುಡಿಗೆ ಬರುವ ಹೊತ್ತಿಗೆ ತಂಡದ ಅರ್ಧ ಜನ ನೆರಳು ಹುಡುಕಿಕೊಂಡು ಕೂತಿರುತ್ತಾರೆ.

ಹೋಗುವುದೇ ಆದರೆ ಎರಡು ಷರತ್ತು ಹಾಕಿ. ಬೆಳಿಗ್ಗೆ ಆರಕ್ಕೆಲ್ಲ ಹೊರಟು ಮೊದಲು ದೂರದ ಅಬಿಡೋಸ್ ಮುಗಿಸಬೇಕು, ಹಿಂದಿರುಗುವ ದಾರಿಯಲ್ಲಿ ಡೆಂಡೆರಾ. ತಾಜಾ ಕಣ್ಣು ಬೇಕಾಗಿರುವುದು ಅಬಿಡೋಸ್‌ನ ಸೂಕ್ಷ್ಮ ಕೆತ್ತನೆಗೆ. ಡೆಂಡೆರಾ ದಣಿದವರನ್ನೂ ಎಬ್ಬಿಸುವಷ್ಟು ಬಣ್ಣ ಇಟ್ಟುಕೊಂಡಿದೆ. ಎರಡನೆಯದು, ಒಂದೊಂದು ಗುಡಿಯಲ್ಲಿ ಕನಿಷ್ಠ ಎರಡು ಗಂಟೆ ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲವಾದರೆ "ನಲವತ್ತೈದು ನಿಮಿಷ, ಆಮೇಲೆ ಬಸ್ ಹತ್ತಿರ ಬನ್ನಿ" ಎಂಬಲ್ಲಿಗೆ ಮುಗಿಯುತ್ತದೆ. ಅರವತ್ತು ದಾಟಿದ ತಂದೆತಾಯಿ ಜೊತೆಯಲ್ಲಿದ್ದರೆ ಈ ಜೋಡಿ ಬೇಡ. ಡೆಂಡೆರಾ ಒಂದೇ ಸಾಕು.

ಮೆದಿನೆತ್ ಹಾಬು: ಬೇರೆ ದಿನವೇ ಬೇಡ

ಇದು ಕಡಿಮೆ ಜನಕ್ಕೆ ಗೊತ್ತಿರುವುದೇ ನನಗೆ ಆಶ್ಚರ್ಯ. ರಾಜರ ಕಣಿವೆಗೆ ಹೋದವರೆಲ್ಲ ಇದರ ಹತ್ತಿರದಿಂದಲೇ ಹಾದುಹೋಗುತ್ತಾರೆ. ಮೂರನೆಯ ರಾಮ್ಸೆಸ್ ಕ್ರಿ.ಪೂ. 12ನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಯ ಹೆಬ್ಬಾಗಿಲು ಗುಡಿಯದ್ದಕ್ಕಿಂತ ಕೋಟೆಯದ್ದರಂತಿದೆ, ಸಿರಿಯಾ ಕಡೆಯ ಮಾದರಿ. ಒಳಗೆ ಕೊರೆದ ಅಕ್ಷರಗಳು ಕೈ ಹೋಗುವಷ್ಟು ಆಳ. ಮುಂದೆ ಬರುವ ರಾಜ ಅಳಿಸಿ ತನ್ನ ಹೆಸರು ಹಾಕಿಕೊಳ್ಳದಿರಲಿ ಎಂಬ ಎಚ್ಚರ ಇರಬಹುದು.

ಗೋಡೆಗಳು ಹೇಳುವುದು ಯುದ್ಧದ ಕಥೆ. ಆಳ್ವಿಕೆಯ ಎಂಟನೆಯ ವರ್ಷದಲ್ಲಿ ಸಮುದ್ರದ ಕಡೆಯಿಂದ ಬಂದ ಜನರ ಜೊತೆಗಿನ ಹೋರಾಟವನ್ನು ಉತ್ತರದ ಹೊರಗೋಡೆಯ ಮೇಲೆ ಕೆತ್ತಿಸಿದ್ದಾನೆ. ಮಗುಚಿದ ದೋಣಿಗಳು, ಗರಿಯ ಶಿರಸ್ತ್ರಾಣ ತೊಟ್ಟ ಶತ್ರುಗಳು, ನೀರಿಗೆ ಬಿದ್ದ ಹೆಣಗಳು. ಒಳಗೆ, ಕೊಂದವರ ಲೆಕ್ಕ ಹಿಡಿಯಲು ಕತ್ತರಿಸಿದ ಕೈಗಳನ್ನು ರಾಶಿ ಹಾಕಿ ಗುಮಾಸ್ತರು ಎಣಿಸುತ್ತಿರುವ ದೃಶ್ಯ. ಚಿಕ್ಕ ಮಕ್ಕಳಿಗೆ ತೋರಿಸುವ ಮೊದಲು ಯೋಚಿಸಿ. ಎರಡನೆಯ ಅಂಗಳದ ಸುತ್ತಣ ಕಂಬಸಾಲಿನ ಮೇಲ್ಭಾಗದಲ್ಲಿ ಬಣ್ಣ ಇನ್ನೂ ಹೊಳೆಯುತ್ತದೆ.

ಇದೇ ರಾಜನ 29ನೆಯ ವರ್ಷದಲ್ಲಿ, ರಾಜಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್-ಮೆದಿನಾದ ಕುಶಲಕರ್ಮಿಗಳು ಧಾನ್ಯದ ಸಂಬಳ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ಈ ಸುತ್ತಿನ ಗುಡಿಗಳ ಬಳಿ ಧರಣಿ ಕೂತರು. ದಾಖಲೆಯಲ್ಲಿ ಸಿಗುವ ಮೊದಲ ಮುಷ್ಕರ ಎಂದು ಇದನ್ನೇ ಹೇಳುತ್ತಾರೆ. ಆ ಕೆಲಸಗಾರರ ಊರಿನ ಪಾಯಗಳು ಕೂಗಳತೆಯಲ್ಲೇ ಇವೆ; ಎರಡನ್ನೂ ಸೇರಿಸಿ ನೋಡಿದರೆ ರಾಜನ ಮಾತು, ಕೂಲಿಯವರ ಬದುಕು ಎರಡೂ ಒಂದೇ ಮಧ್ಯಾಹ್ನ ಸಿಕ್ಕಂತಾಗುತ್ತದೆ.

ಖರ್ಚು ಇಲ್ಲಿ ತೀರ ಕಡಿಮೆ. ಲಕ್ಸರ್‌ನಿಂದ ಸ್ಥಳೀಯರು ಬಳಸುವ ದೋಣಿಯಲ್ಲಿ ನದಿ ದಾಟಿ ಟ್ಯಾಕ್ಸಿ ಹಿಡಿದರೆ ಆಯಿತು, ಚಳಿಗಾಲದಲ್ಲಾದರೆ ಬಾಡಿಗೆ ಸೈಕಲ್ಲೂ ಸಾಕು. ಪಶ್ಚಿಮ ದಂಡೆಯ ಟಿಕೆಟ್ಟುಗಳನ್ನು ಮೆಮ್ನಾನ್ ಮೂರ್ತಿಗಳ ಹತ್ತಿರದ ಕಚೇರಿಯಲ್ಲಿ ಕೊಳ್ಳುವ ಪದ್ಧತಿ ಇದೆ. ಗುಡಿಯ ಬಾಗಿಲವರೆಗೆ ಹೋಗಿ ವಾಪಸ್ ಬರುವಂತಾಗದಿರಲಿ. ಕುಂದು ಹೇಳಬೇಕೆಂದರೆ, ಬಹುಭಾಗ ಬಯಲು. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬಿಸಿಲೂ ಜಾಸ್ತಿ, ಕೆತ್ತನೆಯೂ ಚಪ್ಪಟೆ. ಓರೆ ಬಿಸಿಲಿನ ಹೊತ್ತು ಆರಿಸಿಕೊಳ್ಳಿ.

ಎಸ್ನಾ: ಸಣ್ಣದು, ಬಣ್ಣದ್ದು

ಲಕ್ಸರ್‌ನ ದಕ್ಷಿಣಕ್ಕೆ ಸುಮಾರು 55 ಕಿ.ಮೀ. ಕುಂಬಾರನ ತಿಗರಿಯಲ್ಲಿ ಮನುಷ್ಯರನ್ನು ಮಾಡಿದ ಟಗರು ತಲೆಯ ಖ್ನುಮ್ ದೇವರ ಗುಡಿ. ಇಡೀ ಗುಡಿಯಲ್ಲಿ ಉಳಿದಿರುವುದು ಮುಂದಿನ ಕಂಬಗಳ ಮಂಟಪ ಮಾತ್ರ, ಅದೂ ಈಗಿನ ಬೀದಿಗಿಂತ ಸುಮಾರು 9 ಮೀಟರ್ ಕೆಳಗೆ. ಊರು ಅದರ ಮೇಲೆ ಬೆಳೆದುಬಿಟ್ಟಿದೆ. ಹತ್ತು ವರ್ಷದ ಹಿಂದೆ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ, ಒಳಗೆಲ್ಲ ಕಪ್ಪು ಮಸಿ. 2018ರಿಂದ ಈಜಿಪ್ಟ್ ಸರ್ಕಾರದ ಪುರಾತತ್ತ್ವ ಸಚಿವಾಲಯ ಮತ್ತು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಸೇರಿ ಮಸಿ ತೆಗೆಯುತ್ತಾ ಬಂದಮೇಲೆ ಅಡಿಯಲ್ಲಿದ್ದ ಕೆಂಪು, ಹಳದಿ, ನೀಲಿ ಎದ್ದು ಬಂದಿವೆ. 24 ಕಂಬಗಳು, ತುದಿಯ ಹೂಬಳ್ಳಿಯ ವಿನ್ಯಾಸಗಳಲ್ಲಿ ಅಚ್ಚರಿಯಾಗುವಷ್ಟು ವೈವಿಧ್ಯ, ಚಾವಣಿಯಲ್ಲಿ ನಕ್ಷತ್ರ ಮತ್ತು ರಾಶಿಗಳು. ಹೆಚ್ಚುಕಡಿಮೆ ಬರೀ ಟಗರಿನ ಚಿಹ್ನೆಗಳಲ್ಲೇ ಬರೆದ ಒಂದು ಸ್ತೋತ್ರ, ಬರೀ ಮೊಸಳೆಗಳಲ್ಲೇ ಬರೆದ ಇನ್ನೊಂದು ಇಲ್ಲಿವೆ. ಯಾರೋ ಅರ್ಚಕನ ಪಾಂಡಿತ್ಯದ ತಮಾಷೆ.

ನೋಡಲು ಒಂದು ಗಂಟೆ ಧಾರಾಳ. ಇದಕ್ಕೆಂದೇ ಲಕ್ಸರ್‌ನಿಂದ ಕಾರು ಮಾಡಿಕೊಂಡು ಹೋಗುವುದು ದುಬಾರಿ ಅನಿಸುತ್ತದೆ. ರಸ್ತೆಯಲ್ಲಿ ಆಸ್ವಾನ್‌ಗೆ ಹೋಗುವವರು ದಾರಿಯಲ್ಲಿ ನಿಲ್ಲಿಸಿಕೊಳ್ಳಲಿ. ಕ್ರೂಸ್‌ನವರು ತಮ್ಮ ಹಡಗು ಎಸ್ನಾದಲ್ಲಿ ಇಳಿಯಲು ಬಿಡುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಬೇಕು, ಹಲವು ಹಡಗುಗಳು ಇಲ್ಲಿನ ಲಾಕ್ (ಹಡಗನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆ) ದಾಟಿ ಸುಮ್ಮನೆ ಮುಂದೆ ಹೋಗುತ್ತವೆ.

ಕಲಾಬ್ಶಾ, ಮತ್ತು ಹಿಬಿಸ್

ಖಾಲಿ ದಿನ ಆಸ್ವಾನ್‌ನಲ್ಲಿ ಬಿದ್ದಿದ್ದರೆ ಕಲಾಬ್ಶಾ. ರೋಮನ್ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಆಸ್ವಾನ್‌ನಿಂದ ದಕ್ಷಿಣದ ನೂಬಿಯಾ ಸೀಮೆಯ ದೇವರು ಮಂಡುಲಿಸ್‌ಗೆ ಕಟ್ಟಿದ್ದು. ದೊಡ್ಡ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಗುಡಿಯನ್ನು 1960ರ ದಶಕದ ಆರಂಭದಲ್ಲಿ ಜರ್ಮನರು ಕಲ್ಲು ಕಲ್ಲಾಗಿ ಬಿಚ್ಚಿ ಈಗಿನ ದ್ವೀಪಕ್ಕೆ ತಂದು ಜೋಡಿಸಿದರು. ನೂಬಿಯಾ ಮುಳುಗುವ ಮೊದಲು ನಡೆದ ಆ ದೊಡ್ಡ ಕಾರ್ಯಾಚರಣೆಯಲ್ಲಿ ಭಾರತದ ತಂಡವೂ ಇತ್ತು; ಬಿ.ಬಿ. ಲಾಲ್ ನೇತೃತ್ವದಲ್ಲಿ 1961-62ರಲ್ಲಿ ಅಲ್ಲಿ ಉತ್ಖನನ ನಡೆಯಿತು. ಪಕ್ಕದಲ್ಲೇ ಬೇತ್ ಎಲ್-ವಾಲಿ ಎಂಬ ಎರಡನೆಯ ರಾಮ್ಸೆಸ್ ಕಾಲದ ಪುಟ್ಟ ಗುಹಾಲಯವೂ ಇದೆ, ನೂಬಿಯಾದಿಂದ ಕಪ್ಪವಾಗಿ ಬಂದ ಜಿರಾಫೆಯ ಕೆತ್ತನೆ ಸಮೇತ. ಕೆತ್ತನೆಯ ದೃಷ್ಟಿಯಿಂದ ಕಲಾಬ್ಶಾ ಮೇಲಿನವುಗಳ ಸಮಕ್ಕೆ ಬರುವುದಿಲ್ಲ, ಮುಚ್ಚುಮರೆ ಬೇಡ. ಅದು ಕೊಡುವುದು ಏಕಾಂತ, ಸುತ್ತ ನೀರು. ಎಷ್ಟೋ ಸಲ ನೀವು ಮತ್ತು ಕಾವಲುಗಾರ ಇಬ್ಬರೇ. ಅಣೆಕಟ್ಟಿನ ಬಳಿಯಿಂದ ದೋಣಿಯಲ್ಲೇ ಹೋಗಬೇಕು. ಹೋಗಿಬರುವುದು, ಕಾಯುವುದು ಸೇರಿ ಒಟ್ಟು ಎಷ್ಟೆಂದು ಹತ್ತುವ ಮೊದಲೇ ಗೊತ್ತುಮಾಡಿ, ದುಡ್ಡನ್ನು ಈ ದಡಕ್ಕೆ ವಾಪಸ್ ಬಂದ ಮೇಲೆ ಕೊಡಿ.

ಖರ್ಗಾ ಓಯಸಿಸ್‌ನ ಹಿಬಿಸ್ ಗುಡಿ ಪರ್ಷಿಯದ ದೊರೆ ದಾರಿಯಸ್‌ನ ಹೆಸರು ಹೊತ್ತ ಅಪರೂಪದ್ದು. ಆದರೆ ಮರುಭೂಮಿ ದಾಟಿ ಹೋಗಿ ರಾತ್ರಿ ತಂಗಬೇಕು. ಎರಡನೆಯ, ಮೂರನೆಯ ಸಲ ಈಜಿಪ್ಟ್‌ಗೆ ಹೋಗುವವರಿಗೆ ಬಿಟ್ಟುಬಿಡೋಣ.

ಈಗ ಆರಿಸಿ

ಕೈಯಲ್ಲಿ ಅರ್ಧ ದಿನ ಮಾತ್ರ, ಬಜೆಟ್ಟೂ ಬಿಗಿ: ಮೆದಿನೆತ್ ಹಾಬು, ಯೋಚನೆಯೇ ಬೇಡ. ಒಂದು ಪೂರ್ತಿ ದಿನ ಇದೆ, ಗುಂಪಿನಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದಾರೆ: ಡೆಂಡೆರಾ. ಒಂದು ಪೂರ್ತಿ ದಿನ, ಜೊತೆಗೆ ಬೇಲೂರು-ಹಳೇಬೀಡಿನಲ್ಲಿ ಒಂದೊಂದು ಮದನಿಕೆಯ ಮುಂದೆ ಹತ್ತು ನಿಮಿಷ ನಿಲ್ಲುವ ಸ್ವಭಾವ: ಅಬಿಡೋಸ್, ಸಾಧ್ಯವಾದರೆ ಅದೊಂದನ್ನೇ. ನಾಲ್ಕು ಜನ ಗಟ್ಟಿಗರು, ಕಾರು ಹಂಚಿಕೊಳ್ಳುವವರು: ಎರಡನ್ನೂ, ಮೇಲಿನ ಎರಡು ಷರತ್ತಿನೊಂದಿಗೆ. ಆಸ್ವಾನ್‌ಗೆ ರಸ್ತೆಯಲ್ಲಿ ಹೋಗುತ್ತಿದ್ದರೆ ಎಸ್ನಾವನ್ನು ಯಾವುದಕ್ಕೂ ಪರ್ಯಾಯ ಎಂದುಕೊಳ್ಳದೆ ಸುಮ್ಮನೆ ಸೇರಿಸಿಕೊಳ್ಳಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇದೆಲ್ಲ ಸುಲಭ. ಮಕ್ಕಳ ಬೇಸಿಗೆ ರಜೆಯಲ್ಲೇ ಹೋಗಬೇಕಾದ ಕುಟುಂಬಗಳಿಗೆ ಚಾವಣಿಯಿರುವ ಡೆಂಡೆರಾ, ಎಸ್ನಾ ಮಾತ್ರ ಹೇಳುತ್ತೇನೆ. ಮೇ ತಿಂಗಳ ಲಕ್ಸರ್‌ನಲ್ಲಿ 40 ಡಿಗ್ರಿ ಸಾಮಾನ್ಯ. ರಂಜಾನ್ ತಿಂಗಳಾದರೆ ಮುಚ್ಚುವ ಹೊತ್ತು ಬೇಗ, ವಿಚಾರಿಸಿಕೊಳ್ಳಿ. ಈಗ ಹಲವು ಕಡೆ ಟಿಕೆಟ್ ಕೌಂಟರಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ವಿದೇಶದಲ್ಲಿ ನಡೆಯುವಂತೆ ಕಾರ್ಡನ್ನು ಊರಿನಲ್ಲೇ ಚಾಲೂ ಮಾಡಿಸಿಕೊಂಡು ಹೊರಡಿ. ಚಿಲ್ಲರೆ ನೋಟುಗಳೂ ಜೇಬಿನಲ್ಲಿರಲಿ: ಬೀಗ ಹಾಕಿದ ಕೋಣೆಯೊಂದನ್ನು ತೆರೆದು ದೀಪ ಹಿಡಿದು ತೋರಿಸುವ ಕಾವಲುಗಾರ ಬಕ್ಷೀಸು ಬಯಸುತ್ತಾನೆ, ಡೆಂಡೆರಾದಲ್ಲೂ ಅಬಿಡೋಸ್‌ನಲ್ಲೂ ಅಂಥ ಕೋಣೆಗಳಿಗೆ ಆ ನೋಟು ದಂಡವಾಗುವುದಿಲ್ಲ.